ಐವತ್ತೊಂದನೆಯ ಹೆಸರು

ಪುಕ್ಕಟೆಯದ್ದು ಐವತ್ತು ಹೆಸರಿಗೆ ಮಾತ್ರ,
ಐವತ್ತೊಂದಕ್ಕೆ ಮುನ್ನೂರ ತೊಂಬತ್ತೊಂಬತ್ತು.
ಫೋನು ಹೇಳಿತು, ಅದೂ ಬಲು ಮೆತ್ತಗೆ.
ಕೆಳಗೊಂದು ಹಸಿರು ಗುಂಡಿ, ಮೇಲೊಂದು ಕಿರೀಟ.

ಮಂಡ್ಯದ ಗುತ್ತಲು ರಸ್ತೆ, ಅರ್ಧ ಶಟರಿನ ಅಂಗಡಿ.
ಟೇಪು ಕೊರಳಿಗೆ ಹಾಕಿಕೊಂಡು ನಿಂತೇ ಇದ್ದೆ;
ಎದುರಿಗೆ ಊರಿಗೆ ಹೊಸಬರು ಸುಹಾಸಿನಿ ಟೀಚರು
ಕೈ ಎರಡೂ ಎತ್ತಿಕೊಂಡು, ಇಳಿಸಲೋ ಬೇಡವೋ ಅಂತ.

ಇದನ್ನು ಹಾಕಿಕೊಟ್ಟವನು ರೀಚಾರ್ಜಿನ ಅಂಗಡಿ ಇರ್ಫಾನು.
‘ಚೀಟಿ ಕಳೆಯಾಕಿಲ್ಲ ಕಣಕ್ಕ, ಇಲಿ ತಿನ್ನಾಕಿಲ್ಲ.
ದುಡ್ಡಿಂದು ಬ್ಯಾಡ, ಬಿಟ್ಟೀದೇ ಸಾಕು ನಿಂಗೆ.’
ಬಿಟ್ಟಿ ಅಂದರೆ ಬಿಟ್ಟಿಯೇನಲ್ಲ:
ಎದೆಸುತ್ತಿಗೂ ಸೊಂಟಕ್ಕೂ ನಡುವೆ
ಯಾರೋ ಒಬ್ಬ ಬಂದು ರಮ್ಮಿ ಆಡು ಅನ್ನುತ್ತಾನೆ,
ಐದು ಎಣಿಸುವ ತನಕ ಕದಲುವುದಿಲ್ಲ.
ಅಷ್ಟರಲ್ಲಿ ಟೇಪಿನ ಮೇಲಿನ ಹೆಬ್ಬೆರಳು ಜಾರಿರುತ್ತದೆ.

ಮುನ್ನೂರ ತೊಂಬತ್ತೊಂಬತ್ತು ಅಂದರೆ
ಲೈನಿಂಗ್ ಇಲ್ಲದ ಎರಡು ರವಿಕೆ.
ಇಲ್ಲವೇ ಬೋರಮ್ಮ ಯುಗಾದಿಯಿಂದ ಉಳಿಸಿಕೊಂಡ ಬಾಕಿ,
ಒಂದು ರೂಪಾಯಿ ಕಮ್ಮಿ.

ಯಾರನ್ನಾದರೂ ಅಳಿಸಿದರೆ ಆಯಿತಲ್ಲ ಎಂದು ಬೆರಳಾಡಿಸಿದೆ.
ಬೋರಮ್ಮನನ್ನು ಅಳಿಸಿದರೆ ಬಾಕಿಯೂ ಅಳಿಯುತ್ತದೆ.
ಪೊಲೀಸ್ ಕ್ವಾರ್ಟರ್ಸಿನ ನಾಗರತ್ನ ಮಳವಳ್ಳಿಗೆ ವರ್ಗವಾದರೂ
ಹಬ್ಬಕ್ಕೆ ಬಸ್ಸು ಹತ್ತಿ ನನ್ನ ಹತ್ತಿರವೇ ಬರುತ್ತಾಳೆ.
ಹತ್ತೊಂಬತ್ತನೆಯದು ದೇವೀರಮ್ಮ.
ಎಡ ಭುಜ ಅರ್ಧ ಇಂಚು ಇಳಿಕೆ,
ಕೊಡ ಹೊತ್ತೂ ಹೊತ್ತೂ ಅಂತ ತಾನೇ ಹೇಳಿದ್ದಳು.
ಆಷಾಢದಲ್ಲಿ ಹೋದಳು.
ಅಳಿಸಲೇ ಎಂದು ಕೇಳಿತು ಫೋನು,
ಮತ್ತೆ ತರಲಾಗದು ಎಂದೂ ಹೇಳಿತು.
ಗೊತ್ತು ಕಣಪ್ಪ, ಅಂದೆ.
ಬೆರಳು ಹಿಂದಕ್ಕೆ ಬಂತು.

ಟೀಚರು ಕೈ ಇಳಿಸಿದ್ದರು.
‘ಹಾಳೇಲಿ ಬರಕೊಂಡ್ರೂ ಆಗುತ್ತೆ’ ಅಂದರು.

ಆಗ ಕಂಡಿತು ಮೊದಲನೆಯ ಹೆಸರು: ರಾಜಮ್ಮಣ್ಣಿ. ನಾನೇ.
ಇರ್ಫಾನ ಕಲಿಸಿಕೊಟ್ಟ ದಿನ, ಬರುತ್ತದೋ ನೋಡೋಣವೆಂದು
ನನ್ನ ಮೈಗೇ ಟೇಪು ಹಿಡಿದು ತುಂಬಿದ್ದು.
ನನ್ನ ಅಳತೆ ನನಗೆ ಗೊತ್ತಿಲ್ಲದೆ ಏನು?
ಒತ್ತಿದೆ. ಹೋಯಿತು.
ಟೀಚರ ತೋಳು, ಎದೆ, ಬೆನ್ನಿನ ಆಳ
ಖಾಲಿ ಜಾಗದಲ್ಲಿ ಕೂತವು.
ನಡುವೆ ರಮ್ಮಿಯವನು ಒಂದು ಸಲ ಬಂದುಹೋದ.

ರಾತ್ರಿ ಶಟರು ಪೂರ್ತಿ ಎಳೆದು
ಮಿಕ್ಕ ಬಟ್ಟೆಯಲ್ಲಿ ನನಗೊಂದು ರವಿಕೆ ಎಂದು ಕತ್ತರಿ ಹಿಡಿದೆ.
ಮೂವತ್ತಾರೋ, ಮೂವತ್ತೆಂಟೋ?
ನೆನಪಾಗಲಿಲ್ಲ; ಆದರೂ ಅದು ಮೂರು ವರ್ಷ ಹಿಂದಿನ ಮೈ.
ಟ್ಯೂಬ್‌ಲೈಟಿನ ಕೆಳಗೆ ನನ್ನನ್ನೇ ಸುತ್ತಿ ಹಿಡಿದು ನೋಡಿದೆ:
ನಲವತ್ತೂವರೆ.
ಬರೆದಿಡಲು ಫೋನಿನಲ್ಲಿ ಜಾಗವಿಲ್ಲ.
ಗುರುತು ಹಾಕುವ ಸೀಮೆಸುಣ್ಣ ತೆಗೆದು
ಶಟರಿನ ಒಳಮೈಗೆ ಬರೆದೆ, ದಪ್ಪಗೆ,
ಹೆಸರು ಹಾಕದೆ.

ಬೆಳಿಗ್ಗೆ ಎತ್ತಿದಾಗ
ಅದೂ ಸುತ್ತಿಕೊಂಡು ಮೇಲೆ ಹೋಯಿತು.