ಶುಕ್ರವಾರದೊಳಗೆ

ಬೈತಖೋಲದ ದಕ್ಕೆಯಲ್ಲಿ ಬೆಳಗಿನ ಐದು ಗಂಟೆ.
ಐಸ್ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ
ಪ್ರಾರ್ಥನೆಗೆ ಬಂದು ನಿಂತಿದ್ದೇನೆ, ಕರ್ತನೇ.
ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಎಂದಲ್ಲ,
ಎದ್ದರೆ ಎಲ್ಲರೂ ಕೇಳುತ್ತಾರೆ ಎಂದು.

ಅತ್ತೆ ಕೇಳುತ್ತಾರೆ: ಇನ್ನೂ ಎಷ್ಟು ವರ್ಷ?
ಸಭಾಪಾಲಕರು ಕೇಳುತ್ತಾರೆ: ನಿರ್ಧಾರವಾಯಿತೇ?
ಬೋರ್ಡಿನವರ ಕಾಗದ ಬೈಬಲಿನೊಳಗಿದೆ.
ಯಾವ ಪುಟದಲ್ಲಿಟ್ಟರೆ ಯಾವ ವಚನ ಎದುರಾಗುವುದೋ ಎಂದು ಹೆದರಿ
ಕೊನೆಯ ನಕ್ಷೆಗಳ ನಡುವೆ ಇಟ್ಟಿದ್ದೇನೆ,
ಪೌಲನ ಮೂರನೆಯ ಪ್ರಯಾಣದ ಚುಕ್ಕೆ ಚುಕ್ಕೆ ಗೆರೆಯ ಮೇಲೆ.
‘ಮಲಾವಿಗೆ ಮರಳುವಿರೋ ಇಲ್ಲವೋ,
ಶುಕ್ರವಾರದೊಳಗೆ ತಿಳಿಸಿ.’

ಏಳು ವರ್ಷದ ಹಿಂದೆ ಹೀಗೆ ಪೀಡಿಸಲಿಲ್ಲ ನಿನ್ನನ್ನು.
ಅಂಕೋಲೆಯ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ
ನೀನು ಕರೆದದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ
ಸಿರಿಂಜ್ ಹಿಡಿದ ಕೈ ನಿಂತೇಬಿಟ್ಟಿತ್ತು.
ಆಮೇಲೆ ಅದೇ ಕೈ
ಆ ಸರೋವರದ ದಂಡೆಯ ಊರಲ್ಲಿ, ಡೀಸೆಲ್ ಮುಗಿದ ರಾತ್ರಿ,
ಜ್ವರದಲ್ಲಿ ಕಣ್ಣು ಮೇಲೆ ಹೋದ ನನ್ನ ನಾಥಾನನ ತೋಳಲ್ಲಿ
ನರ ಹುಡುಕಿತು. ಸಿಮಿಯೋನ ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ.
ಸಿಕ್ಕಿತು.
ಅದು ನೀನೇ ಎಂದು ಸಭೆಯಲ್ಲಿ ಸಾಕ್ಷಿ ಹೇಳುತ್ತೇನೆ.
ಪಕ್ಕದ ಮಂಚದ ಮಗುವಿಗೆ ಸಿಗಲಿಲ್ಲ.
ಅದನ್ನು ಹೇಳುವುದಿಲ್ಲ.

ಬಲೆ ಬಿಡಿಸುತ್ತ ಗಣಬಾ ಹರಿಕಂತ್ರ ಹೇಳಿದ,
ನಾನೇನೂ ಕೇಳದೆ, ತನ್ನ ಪಾಡಿಗೆ:
‘ಕಾಳಿಯ ಅಳಿವೆ ಪ್ರತಿ ಮಳೆಗಾಲ ಬಾಯಿ ಬದಲಿಸ್ತದೆ ತಂಗೀ.
ಹೋದ ವರ್ಷದ ದಾರಿ ಈ ವರ್ಷ ಮರಳು.’
ಮತ್ತೆ ಕತ್ತಲಲ್ಲಿ ಒಳಗೆ ಬರುವುದು ಹೇಗೆ?
‘ಎರಡು ದೀಪ ನೋಡ್ಕೊಳ್ಳೂದು. ಗುಡ್ಡದ್ದು ಒಂದು,
ದಂಡೆಯದ್ದು ಒಂದು. ಒಂದರ ಹಿಂದೊಂದು ನಿಂತ್ರೆ ದಾರಿ.
ಬೇರೆ ಬೇರೆ ಕಂಡ್ರೆ ನೀ ತಪ್ಪಿದ್ದಿ.’
ಕರೆಂಟ್ ಹೋದರೆ?
ನಕ್ಕ. ‘ಹೋದ್ರೆ ಲಂಗರು. ಬೆಳಗಾಗೂವರೆಗೆ ಹೊರಗೇ.
ಹಸಿವಾಗ್ತದೆ, ಬೀಡಿ ಮುಗೀತದೆ, ಅಷ್ಟೇ.’
ಕಾಯದೆ ಒಳಬಂದ ತಮ್ಮನ ಹೆಸರು
ಅವನ ಬೋಟಿನ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿದೆ.

ಗುಡ್ಡದ ದೀಪ ನೀನೇ, ಸರಿ.
ದಂಡೆಯದ್ದು ಯಾವುದು?
ಸಿಮಿಯೋನ ನೀನೇ ಹೇಳು ಅನ್ನುತ್ತಾನೆ.
ನಾನು ನೀನೇ ಹೇಳು ಅನ್ನುತ್ತೇನೆ.
ದೀಪ ಆರಿಸಿದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ
ನಿನಗೂ ಅದನ್ನೇ ಅನ್ನುತ್ತೇವೆ.

ಮೊನ್ನೆ ತಬಿಥಾ ಮೊದಲ ಸಲ ಕಡಲ ನೀರು ಬಾಯಿಗೆ ಹಾಕಿ
ಥೂ ಎಂದು ಉಗಿದಳು. ‘ಅಮ್ಮಾ, ಈ ಸರೋವರ ಕೆಟ್ಟುಹೋಗಿದೆ.’
ಮೀನಿನ ಬುಟ್ಟಿಯ ಹೆಂಗಸರಿಗೆ
‘ಮುಲಿ ಬ್ವಾಂಜಿ’ ಎಂದು ಮಂಡಿ ಬಾಗಿಸಿ ವಂದಿಸಿದಳು.
‘ಹ್ಞಾಂ ಹ್ಞಾಂ, ಬಂಗಡೆ ನೂರಕ್ಕೆ ಹತ್ತು’ ಅಂದರು ಅವರು.
ಹಿಂದಿರುಗುವಾಗ ಕೇಳಿದಳು, ಮನೆಗೆ ಯಾವಾಗ ಹೋಗುವುದು?
ಯಾವ ಮನೆ ಎಂದು ನಾನು ಕೇಳಲಿಲ್ಲ.
ಇದೇ ಆ ದೀಪವೇನೋ ಎಂದು ಒಂದು ಗಳಿಗೆ ನಿಂತೆ.
ಆದರೆ ಮಕ್ಕಳು ದಣಿದಾಗ ಎಲ್ಲಿದ್ದರೂ ಹಾಗೆಯೇ ಕೇಳುತ್ತಾರೆ.

ಇವತ್ತು ಬುಧವಾರ.
ಹೊರಗೆ ಒಂದು ಬೋಟು ಇನ್ನೂ ನಿಂತೇ ಇದೆ,
ಯಾರೋ ಕಡ್ಡಿ ಗೀರಿದ್ದು ಕಂಡು ಮಾಯವಾಯಿತು.
ನೀನು ಮಾತಾಡಲಿಲ್ಲ. ನಾನೂ ಹೆಚ್ಚು ಮಾತಾಡಲಿಲ್ಲ.
ಹತ್ತು ಬಂಗಡೆ ಕೊಂಡು ಮನೆಯ ದಾರಿ ಹಿಡಿದೆ.

ಅಂಗಳದಲ್ಲಿ ಅತ್ತೆ ಆಗಲೇ ಎದ್ದು
ಹಳೆಯ ಸೀರೆ ಹಾಸಿ ಮುರುಗಲ ಸಿಪ್ಪೆ ಹರಡುತ್ತಿದ್ದಾರೆ,
ಉಪ್ಪಿನ ರಸದಲ್ಲಿ ಅದ್ದಿ, ಬಿಸಿಲಿಗೆ.
ಎರಡು ಕಿಲೋ ಇದ್ದೀತು.
ಇಲ್ಲಿನ ಅಡುಗೆಗೆ ಅಷ್ಟು ಬೇಕಿಲ್ಲ.
ನನ್ನ ಮುಖ ನೋಡಲಿಲ್ಲ ಅವರು.
‘ಚೆನ್ನಾಗಿ ಒಣಗಬೇಕು,’ ಅಂದರು,
‘ಇಲ್ಲದಿದ್ದರೆ ದಾರಿಯಲ್ಲಿ ಬೂಸಲು ಬರುತ್ತದೆ.’