ಏಳನೇ ಗುಂಡಿ

ನಮ್ಮಿಬ್ಬರಿಗೂ ಒಂದೇ ಚಾಪೆ, ಒಂದೇ ಸೊಳ್ಳೆಪರದೆ.
ಅವಳ ಬೆನ್ನು ನನ್ನ ಬೆನ್ನಿಗೆ
ತಾಗಿಯೂ ತಾಗದ ಹಾಗೆ.
ನಡುವೆ ಹೆಚ್ಚೆಂದರೆ ಒಂದು ಗೇಣು.

ಆ ಗೇಣು ದಾಟಲು ಜೊನಾವೆಲ್‌ಳ ಮಾತು
ಕಿಟಕಿಯಿಂದ ಹಾರಿ,
ದುಮಗೆಟೆಯ ತಗಡಿನ ಮಾಡುಗಳ ಮೇಲೆ ಓಡಿ,
ಕೆಂಪು ದೀಪದ ಟವರು ಹತ್ತಿ, ಇಳಿದು,
ನನ್ನ ದಿಂಬಿನಡಿ ಬಂದು ಗುಂಯ್ ಅನ್ನುತ್ತಿತ್ತು:
'ಮನಾಂಗ್, ನಿದ್ದೆ ಬಂತಾ?'

ಎರಡು ಸಾವಿರದ ಮೂರು. ಅವಳಿಗೆ ಹದಿನಾಲ್ಕು.
ಹನ್ನೆರಡು ಗುಂಡಿಯ ಫೋನು,
ಹಡಗಿನ ಕೆಲಸದಿಂದ ರಜೆಗೆ ಬಂದ ಮಾವ ಕೊಟ್ಟದ್ದು.
ಮೂಲೆಯಂಗಡಿಯಲ್ಲಿ ಮೂವತ್ತು ಪೆಸೋಗೆ ಲೋಡ್.
ಮಧ್ಯಾಹ್ನದ ಊಟದ ಕಾಸೆಲ್ಲ ಅದಕ್ಕೇ.
ಹೊಟ್ಟೆ ಖಾಲಿ, ಫೋನು ಭರ್ತಿ.

ನೋಡದೆಯೇ ಬರೆಯುತ್ತಿದ್ದಳು,
ಗಣಿತದ ಟೀಚರ್ ಎದುರೇ, ಸ್ಕರ್ಟಿನ ಜೇಬೊಳಗೆ.
ಇಗರ್ಜಿಯಲ್ಲೂ.
ಜೇಬೊಳಗೆ ಆಡುವ ಹೆಬ್ಬೆರಳು ಕಂಡು
ಜಪಮಾಲೆ ಎಣಿಸುತ್ತಿದೆ ಮಗು ಎಂದು
ಅಜ್ಜಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ಮೊದಲು ಉದುರಿದ್ದು ಸ್ವರಗಳು.
ಮಾಂಸ ತಿಂದು ಬಿಟ್ಟ ಮೀನಿನ ಹಾಗೆ
ಬರೀ ಮುಳ್ಳಿನ ಪದಗಳು.
ಬರಬರುತ್ತ ಬಾಯಲ್ಲೂ ಅಷ್ಟೇ:
ಹೂಂ. ಊಹೂಂ. ಏನಿಲ್ಲ.

ಹೆಬ್ಬೆರಳ ಬುಡ ಊದಿಕೊಂಡಾಗ
ಉಳುಕು ತೆಗೆಯುವ ಎಪಿಫಾನಿಯಾ
ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತ ಅಮ್ಮನನ್ನು ಗದರಿದಳು:
'ದಿನಕ್ಕೆ ಎಷ್ಟು ಕಾಯಿ ತುರಿಸುತ್ತೀಯೇ ಇವಳ ಕೈಲಿ?'
ಅಮ್ಮ ತಲೆ ತಗ್ಗಿಸಿದಳು. ತುರಿದದ್ದು
ಒಂದೂ ಇಲ್ಲ.

ಒಂದು ರಾತ್ರಿ, ಕರೆಂಟು ಹೋಗಿತ್ತು.
ನನಗೆ ಬೆಳಗಾದರೆ ನರ್ಸಿಂಗ್ ಪರೀಕ್ಷೆ.
ಪರದೆಯೊಳಗೆಲ್ಲ ಅವಳ ಫೋನಿನ ಹಸಿರು ಬೆಳಕು,
ಕೆರೆಯ ತಳದಲ್ಲಿ ಮಲಗಿದ ಹಾಗೆ.
ಗುಂಯ್. 'ಮನಾಂಗ್, ನಿದ್ದೆ ಬಂತಾ?'
'ಬಂತು' ಎಂದು ಉತ್ತರ ಬರೆದೆ.
ನಿದ್ದೆ ಬಂದವಳು
ಉತ್ತರ ಬರೆದೆ!

ಬೆಳಕು ಆರಿತು. ಹೊರಳಿದ್ದರೆ ಸಾಕಿತ್ತು.

ಆ ತಿಂಗಳೇ ಶಾಲೆಯಲ್ಲಿ ಡೆಸ್ಕಿನ ಮೇಲೆ
ಬಾಯಿ ತೆರೆದು ನಿದ್ದೆ ಹೋದಳು.
ಫೋನು ಹೆಡ್‌ಮಿಸ್ಟ್ರೆಸ್ ಬೀರುವಿಗೆ, ನಾಲ್ಕು ದಿನ.
ಅತ್ತಳು, ತಟ್ಟೆ ಎಸೆದಳು, ಆಮೇಲೆ ಸುಮ್ಮನಾದಳು.
ಮೂರನೆಯ ರಾತ್ರಿ
ನಿದ್ದೆಯಲ್ಲೇ ಇತ್ತ ಹೊರಳಿ
ನನ್ನ ಬೆನ್ನಿನ ಮೇಲೆ ಬರೆಯತೊಡಗಿದಳು.

ಹೆಬ್ಬೆರಳು. ಎಡ ಪಕ್ಕೆಯ ಕೆಳಗೆ, ಒಂದೇ ಜಾಗ.
ಟಕ್ ಟಕ್ ಟಕ್ ಟಕ್. ತಡೆದು,
ಟಕ್ ಟಕ್ ಟಕ್.
ಉಸಿರು ಹಿಡಿದು ಎಣಿಸಿದೆ.

ನಮ್ಮ ಸೆಬುವಾನೋದಲ್ಲಿ ಪ್ರೀತಿಗೆ ಗುಗ್ಮಾ ಅನ್ನುತ್ತೇವೆ,
ಆರೇ ಆರು ಒತ್ತು.
ಸಾರಿ ಅನ್ನಲು ಹದಿನಾರು ಬೇಕು,
ಅದರಲ್ಲಿ ಹತ್ತು ಏಳನೇ ಗುಂಡಿಯ ಮೇಲೇ.
ಗೆಳತಿಯರಲ್ಲಿ ಯಾರಿಗೆ? ಯಾವನಿಗೆ? ನನಗಾ?
ಏನು ಮಾಡಿದ್ದಳು ಅಂಥದ್ದು?
ಅಥವಾ ಬೇರೆ ಯಾವುದೋ ಪದವೋ,
ಬೆನ್ನಿಗೆ ಅಕ್ಷರ ಬರುವುದಿಲ್ಲ.

ಐದನೆಯ ದಿನ ಫೋನು ಬಂತು. ಅದರಲ್ಲಿ
ಏಳು ಅನ್ನುವ ಅಂಕಿ ಸವೆದು ಬೋಳಾಗಿದ್ದನ್ನು
ಆಗ ನೋಡಿದೆ.
ಕೇಳಲಿಲ್ಲ. ನಾನೂ ಮೆಸೇಜ್ ಮಾಡಿದೆ:
'ಊಟ ಆಯ್ತಾ?'

ಈಗ ಅವಳು ಸಿಕಿಹೋರ್ ದೋಣಿಯ ಟಿಕೆಟ್ ಕೌಂಟರಿನಲ್ಲಿ.
ಗಾಜಿನ ಆಚೆಯಿಂದ ದಿನವಿಡೀ ಮಾತು,
ಗಂಟಲು ಕಟ್ಟುವಷ್ಟು.
ಮೊನ್ನೆ ಕೇಳಿಯೇಬಿಟ್ಟೆ.
'ನಾನಾ? ನಿನ್ನ ಬೆನ್ನಿಗಾ?' ನಕ್ಕಳು ಬಿದ್ದು ಬಿದ್ದು.
ನೆನಪಿಲ್ಲವಂತೆ.
ನಗು ಮುಗಿದ ಮೇಲೂ ಸ್ವಲ್ಪ ಹೊತ್ತು
ಮೇಜಿನ ಅಂಚನ್ನು ಉಜ್ಜುತ್ತಿದ್ದಳು.

ಆಮೇಲೆ ಉಪ್ಪಿನಕಾಯಿ ಬಾಟಲಿ ತೆಗೆಯಲು ಹೋದಳು,
ಆಗಲಿಲ್ಲ. ಆ ಹೆಬ್ಬೆರಳಿಗೆ
ಇವತ್ತಿಗೂ ಬಿರಡೆ ತಿರುಗಿಸುವ ಕಸುವಿಲ್ಲ.
ಮಾತಿಲ್ಲದೆ ನನ್ನ ಕಡೆ ಚಾಚಿದಳು.