ಮೂರು ಸಾವಿರ ಅಡಿ ಕಳೆದು

ಯಲಹಂಕದಲ್ಲಿ ರವಿಕೆ ಹೊಲಿಯುತ್ತಿದ್ದವನನ್ನು
ಮಿಸ್ಕಿತ್ ಸಾಹೇಬರು ಜಕ್ಕೂರಿಗೆ ಕರೆತಂದದ್ದು
ಪುಷ್ಪಕದ ರೆಕ್ಕೆಗೆ ಬಟ್ಟೆ ತೊಡಿಸಲು.
ಅಳತೆ ಎಲ್ಲಿ ಅಂದೆ. ನಕ್ಕರು.
ಪಕ್ಕೆಲುಬು ಮುಟ್ಟಿ ನೋಡಯ್ಯ, ಅದೇ ಅಳತೆ.

ಆವತ್ತಿನಿಂದ ನನಗೆ ವಿಮಾನ ಅಂದರೆ ಮೈಕಟ್ಟು.
ಯಾರದು ಬಿಗಿ, ಯಾರದು ಸಡಿಲ,
ಕಂಕುಳಲ್ಲಿ ಎಲ್ಲಿ ಹಿಡಿಯುತ್ತದೆ,
ಒಳಗೆ ಎಷ್ಟು ಬಟ್ಟೆ ಮಡಚಿ ಬಿಟ್ಟಿದ್ದಾರೆ.

ಅಮೆರಿಕದ ಸೆಸ್ನಾಗೆ ತಲೆಯ ಮೇಲೆ ರೆಕ್ಕೆ,
ಬಿಸಿಲಿಗೆ ಹಾಕಿದ ಚಪ್ಪರ. ಕಾರಿನ ಹಾಗೆ ಬಾಗಿಲು.
ಹೊಲಿಗೆಯೇ ಇಲ್ಲ, ಕೂರಿಗೆಯಲ್ಲಿ ಬಿತ್ತಿದ ಹಾಗೆ
ಸಾಲು ಸಾಲು ರಿವೆಟ್ಟು.
ಹುಡುಗರು ತಪ್ಪು ಮಾಡೇ ಮಾಡುತ್ತಾರೆಂದು
ಮೊದಲೇ ಲೆಕ್ಕ ಹಾಕಿ ಕತ್ತರಿಸಿದ್ದು:
ಜೂನ್ ತಿಂಗಳಲ್ಲಿ ದೊಡ್ಡದಾಗಿ ಹೊಲಿಸುವ ಯೂನಿಫಾರಂ.

ಜೆಕ್ ದೇಶದ ಜ್ಲಿನ್, ಕಡ್ಡಿ ಮುರಿದ ಹಾಗೆ ಮಾತು.
ತಲೆಕೆಳಗು ಮಾಡಿದರೂ ಮುಖ ಬಾಡುವುದಿಲ್ಲ,
ನಾಜೂಕು ಕೇಳಬೇಡಿ.

ಆಸ್ಟ್ರಿಯಾದ ಡೈಮಂಡ್ ಉದ್ದ ತೋಳಿನದು.
ಇಳಿಯಿತು ಅಂದುಕೊಂಡರೆ ಇಳಿದಿರುವುದಿಲ್ಲ,
ಹೊರಟು ನಿಂತು ಹೊಸ್ತಿಲ ಮೇಲೆ
ಇನ್ನೊಂದು ಮಾತು, ಇನ್ನೊಂದೇ ಮಾತು
ಅನ್ನುವ ನಮ್ಮ ಅತ್ತಿಗೆ.
ಮೈಯೆಲ್ಲ ಅಂಟು ಮತ್ತು ನೂಲು, ತಡವಿದರೆ
ಬೆರಳಿಗೆ ಏನೂ ಸಿಗುವುದಿಲ್ಲ.

ನಮ್ಮ ಹಂಸವೂ ಅದೇ ಜಾತಿ, ಬೆಳ್ಳಗಿದೆ.
ಶೋಕಿಗಲ್ಲ, ಬಿಸಿಲಿಗೆ ಅಂಟು ಮೆತ್ತಗಾಗಬಾರದಲ್ಲ.
ಅದರ ಸೀಟಿಗೆ ಹೊದಿಕೆ ಹೊಲಿದಿದ್ದೇನೆ,
ನನಗೂ ಅದಕ್ಕೂ ಅಷ್ಟೇ ನಂಟು.

ಫ್ರಾನ್ಸಿನದನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದು.
ರೆಕ್ಕೆಯ ತುದಿ ಮೇಲಕ್ಕೆ ಮಡಚಿದೆ. ಮರ, ಮೇಲೆ ಬಟ್ಟೆ.
ಅಲ್ಲೂ ಒಬ್ಬ ಟೈಲರ್ ಇರಬೇಕು.

ಇವತ್ತು ಪುಷ್ಪಕದ ರೆಕ್ಕೆ ಮಗ್ಗುಲಾಗಿ ನಿಂತಿದೆ.
ಈ ಕಡೆ ನಾನು, ಆ ಕಡೆ ಅಮೃತಹಳ್ಳಿಯ ನಗೀನಾ,
ಕೆಲಸಕ್ಕೆ ಸೇರಿ ಹನ್ನೊಂದು ದಿನ.
ಮೊಳದುದ್ದದ ಸೂಜಿ ಚುಚ್ಚಿ ಕಳಿಸುತ್ತೇನೆ,
ಅವಳು ಎಳೆದುಕೊಂಡು ತಿರುಗಿ ಕಳಿಸುತ್ತಾಳೆ.
ಮುಖ ಕಾಣುವುದಿಲ್ಲ, ದನಿ ಮಾತ್ರ:
ಮಾಮಾ, ಇಷ್ಟರಲ್ಲಿ ಯಾವ ದೇಶದ್ದು ಚೆನ್ನಾಗಿದೆ?

ಹೇಗೆ ಹೇಳಲಿ.
ಎಲ್ಲರ ಪುಸ್ತಕವೂ ಸಮುದ್ರದ ಮಟ್ಟದಲ್ಲಿ ಬರೆದದ್ದು.
ನಾವಿರುವುದು ಮೂರು ಸಾವಿರ ಅಡಿ ಮೇಲೆ,
ಗಾಳಿ ಇಲ್ಲಿ ನೀರು ಬೆರೆಸಿದ ಹಾಲು.
ಏಪ್ರಿಲ್, ಮಧ್ಯಾಹ್ನ ಎರಡು ಗಂಟೆ:
ಅಮೆರಿಕವೂ ಏದುಸಿರು, ಆಸ್ಟ್ರಿಯಾವೂ ಏದುಸಿರು,
ಬಳ್ಳಾರಿ ರಸ್ತೆಯ ಮೇಲ್ಸೇತುವೆ ದಾಟುವಷ್ಟರಲ್ಲಿ
ಎಲ್ಲರಿಗೂ ಊರು ನೆನಪಾಗುತ್ತದೆ.
ಕೆಳಗೆ ಬಂದ ಹುಡುಗರು ರನ್‌ವೇಯನ್ನು ಬಯ್ಯುತ್ತಾರೆ,
ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಈ ಪುಷ್ಪಕ ಇನ್ನು ಅಷ್ಟೂ ಹಾರುವುದಿಲ್ಲ.
ಯಾವುದೋ ಕಾಲೇಜಿನವರು ಕೊಂಡಿದ್ದಾರೆ,
ಬಾಗಿಲ ಮೇಲೆ ತಂತಿಯಲ್ಲಿ ತೂಗುಹಾಕುತ್ತಾರಂತೆ.
ಅಲ್ಲಿ ಗಾಳಿ ಬರುವುದು ಫ್ಯಾನಿನಿಂದ.

ಹಾರದ ರೆಕ್ಕೆಗೆ ಬಟ್ಟೆ ಎಷ್ಟು ಬಿಗಿಯಿರಬೇಕು?
ಯಾವ ಪುಸ್ತಕದಲ್ಲೂ ಇಲ್ಲ.
ಅಂಟು ಸವರಿದರೂ ಸಾಕು, ಯಾರು ಕೇಳುತ್ತಾರೆ
ಅಂದರು ಆಫೀಸಿನವರು.
ನಾನು ದಾರಕ್ಕೆ ಮೇಣ ಹಚ್ಚುತ್ತಿದ್ದೆ.

ಹಳೆಯ ಬಟ್ಟೆ ಬಿಚ್ಚಿದಾಗ ಒಳಗೆ, ಪಕ್ಕೆಲುಬಿನ ಮೇಲೆ,
ಪೆನ್ಸಿಲಿನಲ್ಲಿ ಮಿಸ್ಕಿತ್ ಸಾಹೇಬರ ಸಹಿ ಇತ್ತು.
ಕೆಳಗೆ ನನ್ನ ಗಂಟುಗಳು, ಒಂದಷ್ಟು ಸೊಟ್ಟ.
ಹೊಸತರಲ್ಲಿ ಕೈ ನಡುಗುತ್ತಿತ್ತು.
ಅವರು ನೋಡಿಯೂ ಸಹಿ ಹಾಕಿದ್ದಾರೆ.

ಸೂಜಿ ಬರಲಿಲ್ಲ. ಏನಮ್ಮಾ ಅಂದೆ.
ಆ ಕಡೆಯಿಂದ ನಗೀನಾ:
ಮಾಮಾ, ಇದು ಬಲೆಯ ಗಂಟಲ್ಲವಾ?
ಕೆರೆಯಲ್ಲಿ ಮೀನು ಹಿಡಿಯುವ ನಮ್ಮ ಖಾಲು
ಇದನ್ನೇ ಹಾಕುತ್ತಾರೆ.

ನಲವತ್ತು ವರ್ಷ ಇದನ್ನು
ವಿಮಾನದ ಗಂಟು ಅಂದುಕೊಂಡಿದ್ದೆ.

ಹಾಕಿ ತೋರಿಸು ಅಂದೆ.
ಹಾಕಿದಳು. ನನಗಿಂತ ಬೇಗ.
ಬೆರಳಲ್ಲಿ ತಟ್ಟಿದೆ ಬಟ್ಟೆಯನ್ನು,
ಕಾಯಿಸಿದ ತಮಟೆಯ ಹಾಗೆ ನುಡಿಯಿತು.